ಗೋಡೆ ಬಿಚ್ಚಿದ ಮೇಲೆ ಧೃತಿಗೆಡದಿರಲು

ಬೆಂಗಳೂರಿನ ಜಯನಗರ, ಬನಶಂಕರಿಯ ಹಳೆಯ ಮನೆಗಳ ದುರಸ್ತಿಗೆ ಕೈಹಾಕಿದವರನ್ನು ಮಾತಾಡಿಸಿ ನೋಡಿ. ಬಹುತೇಕರ ಕತೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಅಡುಗೆಮನೆಯ ಟೈಲ್ಸ್ ಬದಲಿಸೋಣ ಎಂದು ಕೆಲಸ ಶುರುವಾಗುತ್ತದೆ. ಟೈಲ್ಸ್ ಕಿತ್ತರೆ ಹಿಂದಿನ ಗಾರೆ ಹಸಿಯಾಗಿರುತ್ತದೆ. ಹಸಿ ಎಲ್ಲಿಂದ ಬಂತೆಂದು ಕೆದಕಿದರೆ ಗೋಡೆಯೊಳಗಿನ ಜಿಐ ಪೈಪು ತುಕ್ಕು ಹಿಡಿದು ಜಿನುಗುತ್ತಿರುತ್ತದೆ. ಪೈಪಿನ ಜಾಡು ಹಿಡಿದು ಮಹಡಿಗೆ ಹೋದರೆ ಬಚ್ಚಲಿನ ಕೆಳಗಿನ ಮೋಲ್ಡಿನಲ್ಲಿ ಸಿಮೆಂಟ್ ಉದುರಿ ಕಂಬಿ ಕಾಣುತ್ತಿರುತ್ತದೆ. ಅಷ್ಟು ಹೊತ್ತಿಗೆ ತೆಗೆದಿಟ್ಟ ದುಡ್ಡಿನಲ್ಲಿ ಅರ್ಧ ಕರಗಿರುತ್ತದೆ, ಮೇಸ್ತ್ರಿ ‘ಇದು ಎಕ್ಸ್‌ಟ್ರಾ ಕೆಲಸ ಸಾರ್’ ಎನ್ನುತ್ತಾನೆ, ಮನೆ ಮೊದಲಿಗಿಂತ ಹಾಳಾಗಿ ಕಾಣುತ್ತದೆ. ಯಾಕಾದರೂ ಮುಟ್ಟಿದೆವೋ ಎಂಬ ಮಾತು ಮನೆಯವರ ಬಾಯಲ್ಲಿ ಬರುವುದು ಆಗಲೇ.

ಈ ಹಂತದಲ್ಲಿ ಕೆಲವರು ಕಂಡದ್ದನ್ನೆಲ್ಲ ಮುಚ್ಚಿ, ಮೇಲೆ ಪುಟ್ಟಿ ಹಾಕಿ ಬಣ್ಣ ಬಳಿಸಿ ಕೆಲಸ ಮುಗಿಸುತ್ತಾರೆ. ಇನ್ನು ಕೆಲವರು ಬೇಸತ್ತು ಜಾಗವನ್ನೇ ಬಿಲ್ಡರ್ ಕೈಗೆ ಕೊಡುತ್ತಾರೆ. ಮೊದಲನೆಯದು ಅಪಾಯ. ಎರಡನೆಯದು ಕೆಲವೊಮ್ಮೆ ಸರಿ, ಆದರೆ ದಣಿವಿನಲ್ಲಿ ಮಾಡುವ ತೀರ್ಮಾನವಲ್ಲ. ನಾನು ಹೇಳಹೊರಟಿರುವುದು ಇಷ್ಟೇ: ಹಳೆಯ ಮನೆ ಕೊಡುವ ಪೆಟ್ಟುಗಳಲ್ಲಿ ಹೆಚ್ಚಿನವನ್ನು ಮೊದಲೇ ಊಹಿಸಬಹುದು. ಆ ಪೆಟ್ಟಿನ ಹಿಂದೆ ಬರುವ ನಿರಾಸೆಯನ್ನೂ ಊಹಿಸಬಹುದು. ಊಹಿಸಬಹುದಾದದ್ದಕ್ಕೆ ದುಡ್ಡು, ಸಮಯ, ಮನಸ್ಸು ಮೂರನ್ನೂ ಮುಂಚಿತವಾಗಿ ಸಿದ್ಧಮಾಡಿಕೊಳ್ಳಬಹುದು.

ಮನೆಯ ವಯಸ್ಸೇ ಅರ್ಧ ಉತ್ತರ

ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1948ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರ ಕೈಯಿಂದ. ಬಡಾವಣೆ ಮಾಡಿದ್ದು 1945ರಲ್ಲಿ ರಚನೆಯಾಗಿದ್ದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, ಅಂದರೆ ಸಿಐಟಿಬಿ. 1976ರಲ್ಲಿ ಆ ಕೆಲಸ ಬಿಡಿಎಗೆ ಬಂತು. ಜಯನಗರದ ಮೊದಲ ಬ್ಲಾಕುಗಳ ಮನೆಗಳಿಗೆ ಈಗ ಅರವತ್ತು ಎಪ್ಪತ್ತು ವರ್ಷ. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್‌ಗಳಲ್ಲಿ ನಲವತ್ತು ದಾಟಿದ ಮನೆಗಳು ಬೇಕಾದಷ್ಟಿವೆ. ಮನೆ ಯಾವ ದಶಕದ್ದು ಎಂದು ತಿಳಿದರೆ ಅದರೊಳಗೆ ಏನು ಅಡಗಿದೆ ಎಂಬುದು ಅರ್ಧ ತಿಳಿದಂತೆ.

ಹಳೆಯ ಜಯನಗರದ ಮನೆಗೆ ಸಾಮಾನ್ಯವಾಗಿ ಸೈಜುಗಲ್ಲಿನ ತಳಪಾಯ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ತೇಗ ಇಲ್ಲವೇ ಹೊನ್ನೆಯ ಬಾಗಿಲುವಾಡ, ರೆಡ್ ಆಕ್ಸೈಡ್ ನೆಲ. ಆಮೇಲಿನವುಗಳಿಗೆ ಮೊಸಾಯಿಕ್. ಪಕ್ಕದ ಬಸವನಗುಡಿಯ ಇನ್ನೂ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ ಕಾಣಬಹುದು. ಇವುಗಳ ಗೋಡೆ, ತಳಪಾಯ ಹೆಚ್ಚಾಗಿ ಗಟ್ಟಿ. ತೊಂದರೆ ಇರುವುದು ಮಿಕ್ಕ ನಾಲ್ಕು ಕಡೆ: ತಾರಸಿಯ ಮೋಲ್ಡು, ಗೋಡೆಯ ತೇವ, ಪೈಪು ಮತ್ತು ವೈರು, ಹಾಗೂ ಮರ.

ಮೊದಲು ಮೋಲ್ಡು. 1982ರಲ್ಲಿ ಭಾಗಶಃ ತೆರವಾಗುವವರೆಗೆ ನಮ್ಮಲ್ಲಿ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ನಿಯಂತ್ರಣದಲ್ಲಿದ್ದವು. ಪೂರ್ತಿ ಬಿಡುಗಡೆಯಾದದ್ದು 1989ರಲ್ಲಿ. ಪರ್ಮಿಟ್ ಹಿಡಿದು ಸಿಮೆಂಟಿಗೆ ಅಲೆದ ನೆನಪು ಆಗ ಮನೆ ಕಟ್ಟಿಸಿದ ಹಿರಿಯರಿಗೆಲ್ಲ ಇದೆ. ಕಾಂಕ್ರೀಟನ್ನು ನೆಲದ ಮೇಲೆ ಕೈಯಲ್ಲೇ ಕಲಸಿ, ಬಾಂಡ್ಲಿಯಲ್ಲಿ ಹೊತ್ತು ಸುರಿದ ಕಾಲ ಅದು. ಎಷ್ಟೋ ಕಡೆ ಕಂಬಿಯ ಕೆಳಗೆ ಇರಬೇಕಾದ 15–20 ಮಿ.ಮೀ. ಕಾಂಕ್ರೀಟ್ ಹೊದಿಕೆ ಇಲ್ಲ. ಹೊಸ ಕಾಂಕ್ರೀಟು ಕ್ಷಾರಗುಣದ್ದು, ಅದರ ಪಿಎಚ್ 12ಕ್ಕಿಂತ ಹೆಚ್ಚು. ಆ ಕ್ಷಾರವೇ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿದು ಆ ಪಿಎಚ್ಚನ್ನು 9ರ ಆಸುಪಾಸಿಗೆ ತಂದಾಗ ಕಾವಲು ತಪ್ಪುತ್ತದೆ. ಮೇಲಿನಿಂದ ನೀರೂ ಜಿನುಗಿದರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಕಾಂಕ್ರೀಟನ್ನು ತಳ್ಳಿ ಉದುರಿಸುತ್ತದೆ. ಆಗಿನ ತಿರುಚಿದ ಟಾರ್ ಕಂಬಿಗಳಿಗೆ ತುಕ್ಕು ಇನ್ನೂ ಬೇಗ. ಚಾವಣಿಯಿಂದ ಚಕ್ಕೆ ಬಿದ್ದ ದಿನ ನಮಗದು ದಿಢೀರ್ ಆಘಾತ, ಆದರೆ ಒಳಗೆ ಕೆಲಸ ಶುರುವಾಗಿ ಹತ್ತಿಪ್ಪತ್ತು ವರ್ಷವಾಗಿರುತ್ತದೆ.

ಎರಡನೆಯದು ತೇವ. ಸುಣ್ಣದ ಗಾರೆಯ ಗೋಡೆ ನೆಲದಿಂದ ಹೀರಿದ ತೇವವನ್ನು ಮೇಲ್ಮೈಯಿಂದ ಆವಿಯಾಗಿ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್ ಹೊಡೆಯುವುದು ಬೆವರುವ ಮೈಗೆ ಮಳೆಕೋಟು ತೊಡಿಸಿದ ಹಾಗೆ. ಹೋಗಲು ದಾರಿಯಿಲ್ಲದ ನೀರು ಉಪ್ಪನ್ನು ಹೊತ್ತು ಮೇಲೇರಿ ಇನ್ನೊಂದು ಕಡೆ ಬಣ್ಣವನ್ನು ಉಬ್ಬಿಸುತ್ತದೆ. ಬಣ್ಣ ಮಾಡಿಸಿ ವರ್ಷ ತುಂಬುವುದರೊಳಗೆ ಗೋಡೆಯ ಬುಡ ಪುಡಿಪುಡಿಯಾಗುವುದು ಇದರಿಂದಲೇ. ಪೇಂಟರನ್ನು ಬೈದು ಉಪಯೋಗವಿಲ್ಲ.

ಮೂರನೆಯದು ಪೈಪು, ವೈರು. ಜಿಐ ಪೈಪಿನ ಸತುವಿನ ಲೇಪ ಸವೆದ ಮೇಲೆ ಒಳಗೆ ತುಕ್ಕು ಬೆಳೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿದ್ದರೆ ಬಿಳಿ ಪೊರೆಯೂ ಕಟ್ಟುತ್ತದೆ. ಮುಕ್ಕಾಲಿಂಚಿನ ಪೈಪಿನಲ್ಲಿ ಕಿರುಬೆರಳು ತೂರದಷ್ಟೇ ದಾರಿ ಉಳಿಯುವುದುಂಟು. ವೈರಿಂಗ್ ಹಾಕಿದ್ದು ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೊಗೆ. ಈಗ 2 ಕಿಲೋವ್ಯಾಟಿನ ಗೀಸರೊಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಪಿಂಗಾಣಿ ಫ್ಯೂಸ್ ಇರುವ, ಅರ್ಥಿಂಗ್ ಸರಿಯಿಲ್ಲದ ಮನೆಗೆ ಹೊಸ ವೈರು, ಎಂಸಿಬಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಇದರಲ್ಲಿ ಉಳಿತಾಯದ ಮಾತೇ ಸಲ್ಲದು. ನಾಲ್ಕನೆಯದು ಗೆದ್ದಲು. ಬಾಗಿಲುವಾಡದ ಮೇಲ್ಮೈ ಪಾಲಿಶ್ ಹೊಳೆಯುತ್ತಿರುವಾಗಲೇ ಒಳಗೆ ಟೊಳ್ಳು ಮಾಡಬಲ್ಲ ಜೀವಿ ಅದು. ಸ್ಕ್ರೂಡ್ರೈವರ್ ಚುಚ್ಚಿ ನೋಡದೆ ಮರವನ್ನು ನಂಬಬೇಡಿ.

ಈ ನಾಲ್ಕೂ ಗೋಡೆಯೊಳಗೆ, ನೆಲದಡಿ, ಚಾವಣಿಯ ಮೇಲೆ ಕಣ್ಣಿಗೆ ಬೀಳದ ಜಾಗದಲ್ಲಿವೆ. ಹಾಗಾಗಿ ದುರಸ್ತಿಯ ಕೆಟ್ಟ ಸುದ್ದಿಯೆಲ್ಲ ಮೊದಲ ಕೆಲವೇ ವಾರಗಳಲ್ಲಿ ಒಟ್ಟಿಗೆ ಬರುತ್ತದೆ. ಕೆಲಸ ಕೈತಪ್ಪಿತು ಎಂದು ನಮಗೆ ಅನ್ನಿಸುವ ಆ ಹೊತ್ತಿನಲ್ಲಿ ನಿಜವಾಗಿ ಆಗುತ್ತಿರುವುದು ಮನೆಯ ಪೂರ್ತಿ ಪರಿಚಯ.

ಮನಸ್ಸು ಕುಸಿಯುವುದಕ್ಕೂ ಲೆಕ್ಕವಿದೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಅನುಭವದಿಂದ ಹೇಳಿದ್ದನ್ನು ಮನೋವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಕೆಲಸಕ್ಕೆ ಹಿಡಿಯುವ ಸಮಯ, ಖರ್ಚನ್ನು ಮನುಷ್ಯ ಸದಾ ಕಡಿಮೆ ಅಂದಾಜು ಮಾಡುತ್ತಾನೆ ಎಂಬುದನ್ನು 1979ರಲ್ಲೇ ಡೇನಿಯಲ್ ಕಾನ್‌ಮನ್ ಮತ್ತು ಅಮೋಸ್ ಟ್ವರ್‌ಸ್ಕಿ ಗುರುತಿಸಿದರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳನ್ನು ನಿಮ್ಮ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಉತ್ತರ 33.9 ದಿನ. ಎಲ್ಲವೂ ಕೆಟ್ಟರೆ ಎಷ್ಟು ಎಂದಾಗ 48.6. ನಿಜವಾಗಿ ಹಿಡಿದದ್ದು 55.5. ಅಂದರೆ ನಾವು ಊಹಿಸಿಕೊಳ್ಳುವ ಕೆಟ್ಟ ಸ್ಥಿತಿಯೂ ವಾಸ್ತವಕ್ಕಿಂತ ಒಳ್ಳೆಯದೇ ಆಗಿರುತ್ತದೆ. ಅಡುಗೆಮನೆ ನವೀಕರಿಸಿದ ಅಮೆರಿಕದ ಕುಟುಂಬಗಳ 2002ರ ಸಮೀಕ್ಷೆಯೊಂದನ್ನು ಕಾನ್‌ಮನ್ ಉದಾಹರಿಸುತ್ತಾರೆ: ಅಂದುಕೊಂಡಿದ್ದು ಸರಾಸರಿ 18,658 ಡಾಲರ್, ಕೊಟ್ಟದ್ದು 38,769. ಎರಡು ಪಟ್ಟಿಗೂ ಮೀರಿ. ಬಜೆಟ್ ಮೀರಿತೆಂದು ತಲೆತಗ್ಗಿಸಿ ಕೂರುವ ಮನೆಯೊಡೆಯರಿಗೆ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ. ನಿಮ್ಮ ದಡ್ಡತನದಿಂದ ಹೀಗಾಗಿಲ್ಲ. ಲೋಕದ ಎಲ್ಲೆಡೆ ಆಗುವುದೇ ಇದು.

ಇನ್ನೊಂದು ಸಂಗತಿ. ತೆರೇಸಾ ಅಮಬೈಲ್ ಮತ್ತು ಸ್ಟೀವನ್ ಕ್ರೇಮರ್ ಅವರು 238 ಉದ್ಯೋಗಿಗಳು ಬರೆದ ಸುಮಾರು 12,000 ದಿನಚರಿ ಟಿಪ್ಪಣಿಗಳನ್ನು ಓದಿ 2011ರಲ್ಲಿ ಒಂದು ಪುಸ್ತಕ ತಂದರು. ಕೆಲಸ ಮಾಡುವವರ ಮನಸ್ಸನ್ನು ದಿನದಿನಕ್ಕೆ ಎತ್ತಿ ನಿಲ್ಲಿಸುವುದು ಹೊಗಳಿಕೆಗಿಂತ ಹೆಚ್ಚಾಗಿ ಒಂದು ಚಿಕ್ಕ ಮುನ್ನಡೆ ಎಂದು ಅವರು ಕಂಡುಕೊಂಡರು. ಹಾಗೆಯೇ, ಒಂದು ಹಿನ್ನಡೆ ಕಸಿಯುವ ಸಂತೋಷ ಒಂದು ಮುನ್ನಡೆ ಕೊಡುವುದರ ಎರಡು ಪಟ್ಟಿಗೂ ಹೆಚ್ಚು ಎಂದೂ ಕಂಡರು. ಹಳೆಯ ಮನೆಯ ದುರಸ್ತಿಯಲ್ಲಿ ಮೊದಲು ಬರುವುದೆಲ್ಲ ಹಿನ್ನಡೆ, ಕಣ್ಣಿಗೆ ಕಾಣುವ ಮುನ್ನಡೆ ಬರುವುದು ಕೊನೆಗೆ. ಈ ಕ್ರಮವೇ ಜನರನ್ನು ಹೈರಾಣಾಗಿಸುತ್ತದೆ. ಕ್ರಮವನ್ನು ಸ್ವಲ್ಪ ಬದಲಿಸುವುದು ನಮ್ಮ ಕೈಯಲ್ಲಿದೆ.

ಮಾಡಬೇಕಾದದ್ದು

ಎಲ್ಲಕ್ಕಿಂತ ಮೊದಲು, ಎಸ್ಟಿಮೇಟ್ ಹಾಕಿಸುವ ಮುಂಚೆ ಮನೆಯನ್ನು ಅಲ್ಲಲ್ಲಿ ಬಿಚ್ಚಿ ನೋಡಿ. ಸಣ್ಣ ಸುತ್ತಿಗೆಯಿಂದ ಚಾವಣಿ, ಸಜ್ಜಾ, ಪ್ಲಾಸ್ಟರನ್ನು ತಟ್ಟುತ್ತ ಹೋದರೆ ಗಟ್ಟಿ ಎಲ್ಲಿ, ಟೊಳ್ಳು ಎಲ್ಲಿ ಎಂದು ಸದ್ದೇ ಹೇಳುತ್ತದೆ. ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಕಡೆ ಗುಲಾಬಿ ಬಣ್ಣ ಬರುತ್ತದೆ, ಹೋಗಿರುವ ಕಡೆ ಬರುವುದಿಲ್ಲ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಫೀಸು ಕೊಟ್ಟು ಕರೆಸಿ, ಬರೆದುಕೊಡಲು ಕೇಳಿ. ಆ ಫೀಸು ಉಳಿಸಲು ಹೋಗಿ ಲಕ್ಷಗಟ್ಟಲೆ ಕಳೆದುಕೊಳ್ಳುವ ಮನೆಗಳು ನಮ್ಮ ಸುತ್ತಲೇ ಇವೆ. ಬಿಚ್ಚಿ ನೋಡಿದ ವಾರದಲ್ಲಿ ಸಿಕ್ಕ ಕೆಟ್ಟ ಸುದ್ದಿ ಬರೀ ಮಾಹಿತಿ. ಅದೇ ಸುದ್ದಿ ಅಡ್ವಾನ್ಸ್ ಕೊಟ್ಟು ಟೈಲ್ಸ್ ತಂದಿಳಿಸಿದ ಮೇಲೆ ಬಂದರೆ ಪೆಟ್ಟು.

ಆಮೇಲೆ ಕೆಲಸದ ಸರದಿ. ಮೊದಲು ನೀರು: ತಾರಸಿಯ ವಾಟ, ಪ್ಯಾರಪೆಟ್ಟಿನ ಬುಡ, ಮಳೆನೀರಿನ ಪೈಪು, ಬಚ್ಚಲು, ಸಂಪು. ಎರಡನೆಯದಾಗಿ ಮನೆಯ ಎಲುಬು: ಮೋಲ್ಡು, ಸಜ್ಜಾ, ಲಿಂಟಲ್. ಮೂರನೆಯದಾಗಿ ಪೈಪು ಮತ್ತು ವೈರು. ಕೊನೆಗೆ ಟೈಲ್ಸು, ಬಣ್ಣ, ಕಬೋರ್ಡು. ಹೆಚ್ಚಿನ ಮನೆಗಳಲ್ಲಿ ಇದು ತಿರುವುಮುರುವಾಗುತ್ತದೆ, ಏಕೆಂದರೆ ಕಣ್ಣಿಗೆ ಹಬ್ಬವಾಗುವುದು ಕೊನೆಯದು. ಸೋರುವ ತಾರಸಿಯ ಕೆಳಗೆ ಮಾಡಿಸಿದ ಒಳ್ಳೆಯ ಕೆಲಸವೆಲ್ಲ ಎರಡು ಸಲ ಮಾಡಿಸಬೇಕಾಗುತ್ತದೆ. ಮೋಲ್ಡ್ ದುರಸ್ತಿಯಲ್ಲಂತೂ ಉದುರಿದ ಜಾಗಕ್ಕೆ ಸಿಮೆಂಟ್ ಮೆತ್ತಿದರೆ ಸಾಲದು. ಜಾಕಿ ಕೊಟ್ಟು ನಿಲ್ಲಿಸಿ, ಕಂಬಿಯ ಹಿಂಬದಿಯವರೆಗೆ ಕೆತ್ತಿ, ತುಕ್ಕು ಉಜ್ಜಿ, ಸವೆದ ಕಂಬಿಗೆ ಜೋಡಿ ಕಂಬಿ ಕೊಟ್ಟು, ರಕ್ಷಕ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಬೇಕು. ನಿಧಾನದ ಕೆಲಸ ಇದು. ನಿಧಾನವಾಗುತ್ತಿದೆ ಎಂದರೆ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ ಮಾಡಿಕೊಳ್ಳಿ.

ದುಡ್ಡಿನ ವಿಷಯದಲ್ಲಿ ಎಸ್ಟಿಮೇಟಿನ ಮೂರನೇ ಒಂದು ಪಾಲನ್ನು ಬೇರೆಯಾಗಿ ತೆಗೆದಿಡಿ. ಅಷ್ಟು ಸಾಧ್ಯವಿಲ್ಲದಿದ್ದರೆ ಕೆಲಸವನ್ನೇ ಚಿಕ್ಕದು ಮಾಡಿ. ಈ ವರ್ಷ ತಾರಸಿ ಮತ್ತು ವೈರಿಂಗ್, ಮುಂದಿನ ವರ್ಷ ಅಡುಗೆಮನೆ ಎಂದುಕೊಂಡರೆ ಯಾವ ನಷ್ಟವೂ ಇಲ್ಲ. ಮೇಸ್ತ್ರಿಯ ಜತೆ ಪ್ರತಿಯೊಂದು ಕೆಲಸಕ್ಕೂ ಅಳತೆ ಲೆಕ್ಕದ ದರ ಬರೆದುಕೊಳ್ಳಿ. ಹೊಸದಾಗಿ ಕಂಡ ಹಾನಿಗೆ ದರ ಹೇಗೆ ಎಂಬುದೂ ಅದರಲ್ಲಿರಲಿ. ಎಕ್ಸ್‌ಟ್ರಾ ಎಂಬ ಮಾತಿನ ಅರ್ಧ ಜಗಳ ಅಲ್ಲೇ ತೀರುತ್ತದೆ. ಶನಿವಾರದ ಬಟವಾಡೆ ತಪ್ಪಿಸಬೇಡಿ, ಮುಗಿಯದ ಕೆಲಸಕ್ಕೆ ಮುಂಗಡವಾಗಿ ಸುರಿಯಲೂ ಬೇಡಿ.

ಕ್ಯಾಲೆಂಡರನ್ನೂ ನೋಡಬೇಕು. ಬೆಂಗಳೂರಿಗೆ ಮೇ ತಿಂಗಳಲ್ಲೇ ಗುಡುಗುಮಳೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ವರ್ಷದ ದೊಡ್ಡ ಮಳೆ. ತಾರಸಿ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದ ಕೆಲಸಗಾರರು ಯುಗಾದಿಗೆ, ಊರ ಜಾತ್ರೆಗೆ, ಬಿತ್ತನೆಗೆ ಊರಿಗೆ ಹೋಗುತ್ತಾರೆ. ಅದು ಅವರ ಬದುಕು, ಕೈಕೊಟ್ಟರು ಎಂದು ಕೋಪಿಸಿಕೊಳ್ಳುವ ಬದಲು ಆ ದಿನಗಳನ್ನು ಮೊದಲೇ ಬಿಟ್ಟು ಲೆಕ್ಕ ಹಾಕಿ. ನೀರಿನದೂ ಹಾಗೆಯೇ. ಗಾರೆ, ಕಾಂಕ್ರೀಟಿಗೆ ಕನಿಷ್ಠ 7 ದಿನ, ಈಗ ಹೆಚ್ಚು ಬಳಕೆಯಲ್ಲಿರುವ ಪಿಪಿಸಿ ಸಿಮೆಂಟಾದರೆ 10 ದಿನ ಕ್ಯೂರಿಂಗ್ ಬೇಕು. 2024ರ ಮಾರ್ಚಿನ ಬರದಲ್ಲಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಬಾರದೆಂದು ಜಲಮಂಡಳಿ ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಗೃಹಪ್ರವೇಶದ ಮುಹೂರ್ತವನ್ನು ಕೆಲಸ ಮುಗಿದ ಮೇಲೆ ಇಡಿಸಿ. ಮುಹೂರ್ತಕ್ಕೆ ಹೆದರಿ ಓಡಿಸಿದ ಕೆಲಸ ಮುಂದಿನ ಮಳೆಗೆ ಬಯಲಾಗುತ್ತದೆ.

ಇನ್ನು ಮನಸ್ಸಿಗೆ ಆಸರೆಯಾಗುವ ಎರಡು ಉಪಾಯ. ಒಂದು, ತಾರಸಿ ಸೋರುವುದು ನಿಂತ ಕೂಡಲೇ ಒಂದೇ ಒಂದು ಕೋಣೆಯನ್ನು ವೈರು, ಗಾರೆ, ಬಣ್ಣ ಎಲ್ಲ ಸೇರಿಸಿ ಪೂರ್ತಿ ಮುಗಿಸಿಬಿಡಿ. ಎಲ್ಲ ಕೋಣೆಗಳನ್ನೂ ಒಟ್ಟಿಗೆ ಅರ್ಧ ಮಾಡುವುದು ಮೇಸ್ತ್ರಿಗೆ ಅನುಕೂಲವಾದರೂ ಧೂಳಿನ ನಡುವೆ ಬದುಕುವವರಿಗೆ ಶಿಕ್ಷೆ. ಕುಳಿತು ಉಸಿರಾಡಲು ಒಂದು ಚೊಕ್ಕ ಕೋಣೆ ಇದ್ದರೆ ಮಿಕ್ಕವೂ ಹೀಗಾಗುತ್ತವೆ ಎಂಬ ನಂಬಿಕೆ ಹುಟ್ಟುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಆ ಕೋಣೆ ಅವರದಾಗಲಿ. ಎರಡು, ವಾರಕ್ಕೊಮ್ಮೆ ಮುಗಿದ ಕೆಲಸಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಫೋಟೊ ತೆಗೆದಿಡಿ. ಮುಚ್ಚುವ ಮುನ್ನ ಪೈಪು, ವೈರಿನ ದಾರಿಯ ಫೋಟೊವಂತೂ ಕಡ್ಡಾಯ. ಬಾಕಿ ಕೆಲಸ ತಾನಾಗಿಯೇ ಕಣ್ಣಿಗೆ ಕುಕ್ಕುತ್ತದೆ, ಮುಗಿದದ್ದನ್ನು ಬರೆದಿಟ್ಟರೆ ಮಾತ್ರ ಕಾಣುತ್ತದೆ.

ಯಾವಾಗ ನಿಲ್ಲಿಸಬೇಕು

ಧೈರ್ಯ ಹೇಳುವುದೆಂದರೆ ಯಾವ ಮನೆಯನ್ನಾದರೂ ಉಳಿಸಿ ಎನ್ನುವುದಲ್ಲ. ಈಗಾಗಲೇ ಸುರಿದ ದುಡ್ಡಿನ ಮೋಹಕ್ಕೆ ಬಿದ್ದು ಇನ್ನಷ್ಟು ಸುರಿಯುವ ಮನುಷ್ಯ ಸ್ವಭಾವವನ್ನು ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲೇ ಪ್ರಯೋಗಗಳಿಂದ ತೋರಿಸಿದರು. ತಳಪಾಯ ಕುಸಿಯುತ್ತಿದ್ದರೆ, ಮೋಲ್ಡಿನ ಹೆಚ್ಚಿನ ಭಾಗದಲ್ಲಿ ಕಂಬಿಯೇ ತಿಂದುಹೋಗಿದ್ದರೆ, ಎಂಜಿನಿಯರ್ ಬರವಣಿಗೆಯಲ್ಲಿ ಬೇಡವೆಂದರೆ ಅಲ್ಲಿಗೆ ನಿಲ್ಲಿಸುವುದೇ ವಿವೇಕ. ಕೇಳಬೇಕಾದ ಪ್ರಶ್ನೆ ಒಂದೇ: ಇಂದಿನಿಂದ ಮುಂದೆ ಆಗುವ ಖರ್ಚಿಗೆ ಸಿಗುವ ಮನೆ ನನಗೆ ಬೇಕೇ? ಇದುವರೆಗಿನ ಖರ್ಚು ಆ ಲೆಕ್ಕದೊಳಗೆ ಬರಬಾರದು. ಈ ಪ್ರಶ್ನೆಯನ್ನು ಕೆಟ್ಟ ಸುದ್ದಿ ಬಂದ ದಿನ ಕೇಳಿಕೊಳ್ಳಬೇಡಿ. ಹದಿನೈದು ದಿನ ಬಿಟ್ಟು, ಎಂಜಿನಿಯರರ ವರದಿಯನ್ನೂ ಹೊಸ ಎಸ್ಟಿಮೇಟನ್ನೂ ಎದುರಿಗಿಟ್ಟುಕೊಂಡು, ಮನೆಯವರೆಲ್ಲ ಕುಳಿತು ಕೇಳಿಕೊಳ್ಳಿ.

ಉಳಿಸಬಹುದಾದ ಮನೆಯನ್ನು ಉಳಿಸಲೇಬೇಕೆಂಬುದು ನನ್ನ ಗಟ್ಟಿ ನಂಬಿಕೆ. ಲೋಕದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ 8ರಷ್ಟು ಸಿಮೆಂಟ್ ತಯಾರಿಕೆಯದು. ಒಂದು ಮನೆ ಕೆಡವಿದರೆ ಅಷ್ಟೂ ಇಟ್ಟಿಗೆ, ಕಲ್ಲು, ತೇಗ ಲಾರಿಯೇರಿ ಹೋಗುತ್ತದೆ, ಅಂಗಳದ ತೆಂಗು, ಸಂಪಿಗೆಗಳ ಜಾಗಕ್ಕೆ ಪಾರ್ಕಿಂಗ್ ಬರುತ್ತದೆ. ರೆಡ್ ಆಕ್ಸೈಡ್ ನೆಲವನ್ನು ತಿಕ್ಕಿ ಕನ್ನಡಿ ಮಾಡಬಲ್ಲ, ಸುಣ್ಣದ ಗಾರೆಯ ಹದ ಬಲ್ಲ ಗಾರೆಯವರಿಗೆ ಕೆಲಸ ಸಿಗುವುದು ದುರಸ್ತಿಯಾಗುವ ಮನೆಗಳಲ್ಲಿ ಮಾತ್ರ. ಕೆಲಸ ತಪ್ಪಿದರೆ ಆ ವಿದ್ಯೆಯೂ ತಪ್ಪುತ್ತದೆ.

ಒಂದು ಕೊರತೆಯಂತೂ ಎದ್ದು ಕಾಣುತ್ತದೆ. ಹಳೆಯ ಮನೆಯವರು ಧೃತಿಗೆಡುವುದು ಖರ್ಚಿಗಿಂತ ಹೆಚ್ಚಾಗಿ ಒಂಟಿತನದಿಂದ. ಅವರಿಗೆ ಸಿಗುವ ಸಲಹೆಯೆಲ್ಲ ಏನನ್ನಾದರೂ ಮಾರಲು ಬಂದವರದು: ವಾಟರ್‌ಪ್ರೂಫಿಂಗ್ ಮಾರುವವರು, ಇಂಟೀರಿಯರ್ ಮಾರುವವರು, ಜಾಗ ಕೇಳುವವರು. ಮಳೆನೀರು ಸಂಗ್ರಹ ಕಡ್ಡಾಯವಾದಾಗ ಜಲಮಂಡಳಿ ಜಯನಗರದಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಒಂದು ಪ್ರದರ್ಶನ ಕೇಂದ್ರ ಮಾಡಿತು. ಅಲ್ಲಿ ಯಾರು ಬೇಕಾದರೂ ಹೋಗಿ ಮಾದರಿಗಳನ್ನು ನೋಡಿ, ಕೇಳಿ ತಿಳಿಯಬಹುದು. ಹಳೆಯ ಮನೆಗಳ ದುರಸ್ತಿಗೂ ಅಂಥದೊಂದು ಕೇಂದ್ರ ದಕ್ಷಿಣ ಬೆಂಗಳೂರಿಗೆ ಬೇಕು. ಬಸವನಗುಡಿಯಲ್ಲಿ 1946ರಿಂದ ಬಿಎಂಎಸ್ ಎಂಜಿನಿಯರಿಂಗ್ ಕಾಲೇಜಿದೆ, ಸುತ್ತಮುತ್ತ ಇನ್ನೂ ಕಾಲೇಜುಗಳಿವೆ, ನಿವೃತ್ತ ಎಂಜಿನಿಯರುಗಳಂತೂ ಬೀದಿಗೊಬ್ಬರಿದ್ದಾರೆ. ಪಾಲಿಕೆ ಒಂದು ಕೋಣೆ ಕೊಟ್ಟು, ಗೊತ್ತುಮಾಡಿದ ಕಡಿಮೆ ಶುಲ್ಕಕ್ಕೆ ಮನೆ ಪರೀಕ್ಷೆ ಮಾಡಿ ಬರೆದುಕೊಡುವ ವ್ಯವಸ್ಥೆ ಕಟ್ಟುವುದು ದೊಡ್ಡ ಮಾತೇನಲ್ಲ. ಅದು ಬರುವವರೆಗೆ ಬಡಾವಣೆಯ ನಿವಾಸಿಗಳ ಸಂಘಗಳೇ ಮುಂದೆ ಬರಲಿ. ದುರಸ್ತಿ ಮುಗಿಸಿದ ಮನೆಯವರು ತಮ್ಮ ಲೆಕ್ಕಪುಸ್ತಕ, ಮೇಸ್ತ್ರಿಯ ದರ, ಎಂಜಿನಿಯರರ ವರದಿಯನ್ನು ಈಗಷ್ಟೇ ಗೋಡೆ ಬಿಚ್ಚಿರುವ ಪಕ್ಕದ ರಸ್ತೆಯವರಿಗೆ ತೋರಿಸಲಿ. ಹಾಗೆ ತೋರಿಸಿದವರಿಂದ ಒಂದು ಮನೆ ಉಳಿಯುತ್ತದೆ, ಒಂದು ಕುಟುಂಬ ನೆಮ್ಮದಿಯಿಂದ ನಿದ್ದೆ ಮಾಡುತ್ತದೆ.